ಇಳಿಯುವ ಬಾಗಿಲಲ್ಲಿ ನಿಂತ ಮೇಷ್ಟ್ರು

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು ನಾಡಿನಲ್ಲಿ ಸಾವಿರಾರು ಜನರಿದ್ದಾರೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಬರುತ್ತದೆಂದು ಕರಿಹಲಗೆಯ ಮೇಲೆ ಬರೆದು, ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮನೆಗೆ ಹೋಗುವವರೇ ಅವರಲ್ಲಿ ಹೆಚ್ಚು. ಆ ದೂರದ ಆಚೆ ತುದಿಯಲ್ಲಿ ಯಾರಿದ್ದಾರೆ, ಅವರು ಯಾವ ಬಸ್ ಸ್ಟ್ಯಾಂಡಿನ ಯಾವ ಕಲ್ಲುಬೆಂಚಿನ ಮೇಲೆ ಎಷ್ಟು ಹೊತ್ತು ಕಾದರು ಎಂದು ವಿಚಾರಿಸಿದವರು, ಈ ಲೇಖಕನ ಅರಿವಿನ ಮಟ್ಟಿಗೆ, ಒಬ್ಬರೇ. ಅವರೇ ಮದಲೂರಿನ ಶ್ರೀ ಮೂಡಲಗಿರಿಯಪ್ಪನವರು. ಮೂವತ್ನಾಲ್ಕು ವರ್ಷಗಳ ಬೋಧನೆಯನ್ನು ಮುಗಿಸಿ ಈ ಮೇ ತಿಂಗಳ ಕೊನೆಯ ದಿನ ಅವರು ನಿವೃತ್ತರಾದರು. ಅವರ ಗೌರವಾರ್ಥವಾಗಿ ಹೊರಬರುತ್ತಿರುವ ಈ ಸಂಪುಟಕ್ಕೆ ಲೇಖನ ಬರೆಯುವ ಭಾಗ್ಯ, ಮಧುಗಿರಿಯ ಕಾಲೇಜಿನಲ್ಲಿ ಹದಿನಾರು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು ಕನ್ನಡ ಪಾಠ ಮಾಡಿದ ಈ ಲೇಖಕನಿಗೆ ಒದಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನವನ್ನು ಎರಡನೆಯ ಸಲಕ್ಕೆ ಪಾಸು ಮಾಡಿದವನು ಭೌತಶಾಸ್ತ್ರಜ್ಞರ ಬಗ್ಗೆ ಬರೆಯುವುದೆಂದರೆ ಓದುಗರು ಸ್ವಲ್ಪ ಸೈರಿಸಿಕೊಳ್ಳಬೇಕು. ಸಂಪುಟವು ಮೊದಲು ಸಾರಿದ್ದಕ್ಕಿಂತ ತೆಳ್ಳಗಿರುವುದನ್ನೂ ಅವರು ಗಮನಿಸಿರಬಹುದು. ಅದಕ್ಕೆ ಕಾರಣರು ಸನ್ಮಾನಿತರೇ. ಆ ಸಂಗತಿ ಮುಂದೆ ಬರುತ್ತದೆ.

ಮೇಷ್ಟ್ರು ಪಾವಗಡದಲ್ಲಿ ಆರು ವರ್ಷ, ಕೊರಟಗೆರೆಯಲ್ಲಿ ಐದು, ಶಿರಾದಲ್ಲಿ ಏಳು, ಮಧುಗಿರಿಯಲ್ಲಿ ಹದಿನಾರು ವರ್ಷ ಸೇವೆ ಸಲ್ಲಿಸಿದರು. ನಾಲ್ಕು ತಾಲ್ಲೂಕು, ನಾಲ್ಕು ಪ್ರಯೋಗಶಾಲೆ. ಆದರೆ ಎಲ್ಲಿಗೆ ವರ್ಗವಾದರೂ ಅವರು ಮೊದಲು ಹುಡುಕುತ್ತಿದ್ದದ್ದು ಬೀರುವಿನ ಮೂಲೆಯಲ್ಲಿ ಧೂಳು ಹಿಡಿದು ಮಲಗಿರುತ್ತಿದ್ದ ಒಂದು ಉದ್ದನೆಯ ಗಾಜಿನ ಕೊಳವೆಯನ್ನು. ಅದರೊಳಗೆ ಒಂದು ನಾಣ್ಯವೂ ಒಂದು ಕೋಳಿಗರಿಯೂ ಇರುತ್ತವೆ. ಕೊಳವೆಯನ್ನು ತಿರುಗಿಸಿದರೆ ನಾಣ್ಯ ಠಣ್ಣನೆ ಬೀಳುತ್ತದೆ, ಗರಿ ತೇಲುತ್ತ ನಿಧಾನವಾಗಿ ಇಳಿಯುತ್ತದೆ. ಪಂಪಿನಿಂದ ಗಾಳಿ ಎಳೆದು ತೆಗೆದು ಮತ್ತೆ ತಿರುಗಿಸಿದರೆ ಎರಡೂ ಒಟ್ಟಿಗೇ ಬೀಳುತ್ತವೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಮೇಷ್ಟ್ರು ಪ್ರತಿವರ್ಷವೂ ಒಂದೇ ಮಾತು ಹೇಳುತ್ತಿದ್ದರು: "ಅಡ್ಡ ಬರೋದು ಗಾಳಿ ಕಣ್ರೋ. ಅದನ್ನ ತೆಗೆದ್ರೆ ಗರೀನೂ ನಾಣ್ಯದಂಗೆ ಓಡ್ತದೆ. ನಾಳೆ ಮನುಷ್ಯರನ್ನೂ ಇಂಥದ್ರಾಗೆ ಕೂರಿಸ್ತಾರೆ. ನೀವು ನೋಡ್ತೀರ, ನಾನೂ ನೋಡ್ತೀನಿ."

ಕೊನೆಯ ಆ ಎರಡು ಪದಗಳ ಹಿಂದೆ ಒಂದು ಸಂಸಾರದ ಕಥೆಯಿದೆ. ಅವರ ಧರ್ಮಪತ್ನಿ ಶ್ರೀಮತಿ ವರಲಕ್ಷ್ಮಿಯವರು ಪಾವಗಡದ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ಮೇಷ್ಟ್ರಿಗೆ ಕೊರಟಗೆರೆಗೆ ವರ್ಗವಾಗಿ, ಪಾವಗಡಕ್ಕೆ ಹತ್ತಿರವಿರಲೆಂದು ಮಧುಗಿರಿಯಲ್ಲಿ ಮನೆ ಮಾಡಿದಾಗ ಆಕೆಗೆ ವರ್ಗ ಸಿಗಲಿಲ್ಲ. ಮುಂದಿನ ವರ್ಷವೂ ಸಿಗಲಿಲ್ಲ. ಶಿರಾಕ್ಕೆ ವರ್ಗವಾದ ಮೇಲೂ ಮೇಷ್ಟ್ರು ಮನೆ ಬದಲಿಸಲಿಲ್ಲ. ಹೀಗೆ ಹನ್ನೊಂದು ವರ್ಷ ಗಂಡ ಮಧುಗಿರಿಯಲ್ಲಿ, ಹೆಂಡತಿ ಪಾವಗಡದಲ್ಲಿ. ನಡುವೆ ಮಿಡಿಗೇಶಿಯ ಮೇಲೆ ಹೋಗುವ ಹೆಚ್ಚುಕಡಿಮೆ ಐವತ್ತೈದು ಕಿಲೋಮೀಟರು ರಸ್ತೆ. ಒಂದು ವಾರ ಇವರು, ಒಂದು ವಾರ ಆಕೆ, ಶನಿವಾರ ಮಧ್ಯಾಹ್ನ ಹೊರಟವರು ಸಂಜೆ ತಲುಪುವುದು, ಸೋಮವಾರ ಬೆಳಗ್ಗೆ ಓಡೋಡಿ ಬರುವುದು. ಆ ಬಸ್ಸಿನಲ್ಲಿ ಕುಳಿತೇ ಮೇಷ್ಟ್ರು ಗಾಳಿಯಿಲ್ಲದ ಕೊಳವೆಯ ಲೆಕ್ಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ಜನ ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ, ಇಲ್ಲವೆ ಪಕ್ಕದವರ ಸಂಸಾರ ವಿಚಾರಿಸುತ್ತಾರೆ. ಇವರದ್ದು ಮಾತ್ರ ಲೆಕ್ಕ.

ಶಿರಾದಲ್ಲಿದ್ದಾಗಿನ ಒಂದು ಉಪಕಾರವನ್ನು ಇಲ್ಲಿ ನೆನೆಯದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಪಂಕ್ಚರ್ ಅಂಗಡಿಯ ಕರೀಮ್ ಸಾಬರ ಮಗಳು ನೂರೀನ್ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಓದುತ್ತಿದ್ದ ಹುಡುಗಿ. ಪ್ರಾಯೋಗಿಕ ಪರೀಕ್ಷೆಯ ದಿನ ಬಸ್ಸು ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಳಗೆ ಬಿಡುವುದಿಲ್ಲವೆಂದರು. ಮೇಷ್ಟ್ರು ಅವರೆದುರು ಕೈಕಟ್ಟಿ ನಿಂತು ಮಧ್ಯಾಹ್ನದ ತಂಡಕ್ಕೆ ಆಕೆಯನ್ನು ಸೇರಿಸಿಕೊಳ್ಳುವವರೆಗೆ ಕದಲಲಿಲ್ಲ. ಅಳುತ್ತಿದ್ದ ಹುಡುಗಿಗೆ ತಮ್ಮ ಡಬ್ಬಿಯ ಊಟ ಕೊಟ್ಟು ತಾವು ನೀರು ಕುಡಿದುಕೊಂಡಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಅವರು ಬರೀ ಒಳ್ಳೆಯ ಮೇಷ್ಟ್ರಾಗಿರುತ್ತಿದ್ದರು. ಮರುವಾರದಿಂದ ಇಡೀ ತರಗತಿಯ ಕೈಯಲ್ಲಿ ಮೂರು ತಿಂಗಳು ಆ ಬಸ್ಸು ಬಂದ ಹೊತ್ತನ್ನು ಬರೆಸಿ, ಸರಾಸರಿ ತೆಗೆಸಿ, ನಕ್ಷೆ ಬಿಡಿಸಿ ಡಿಪೋಗೆ ಕಳಿಸಿದರು. ಡಿಪೋದಿಂದ ಉತ್ತರ ಬರಲಿಲ್ಲ, ಆದರೆ ಬಸ್ಸು ಬೇಗ ಬರತೊಡಗಿತು.

ಆ ನೂರೀನ್ ಈಗ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸಾರಿಗೆ ಎಂಜಿನಿಯರ್. ಎರಡು ವರ್ಷದ ಹಿಂದೆ ಅವರಿಂದ ಮೇಷ್ಟ್ರಿಗೆ ಫೋನು ಬಂತು. ಬೆಂಗಳೂರಿನಿಂದ ಉತ್ತರದ ಒಂದು ದೊಡ್ಡ ನಗರಕ್ಕೆ ಗಾಳಿ ತೆಗೆದ ಕೊಳವೆಯಲ್ಲಿ, ಅಯಸ್ಕಾಂತದ ಬಲದಿಂದ ಹಳಿ ಮುಟ್ಟದೆ ತೇಲಿಕೊಂಡು, ಗಂಟೆಗೆ ಸಾವಿರ ಕಿಲೋಮೀಟರಿನಂತೆ ಓಡುವ ಬಂಡಿ ಸಾಧ್ಯವೇ ಎಂದು ಸಂಸ್ಥೆ ಅಧ್ಯಯನ ನಡೆಸುತ್ತಿತ್ತು. ಕೊಳವೆಯ ಗೆರೆ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹಾದುಹೋಗುತ್ತಿತ್ತು. ಮಧುಗಿರಿಯಲ್ಲಿ ಒಂದು ನಿಲುಗಡೆ ಕೊಡಬಹುದೇ ಎಂಬುದನ್ನು ಪರಿಶೀಲಿಸಿ ಸಹಿ ಹಾಕಲು ಸ್ಥಳೀಯ ಸಲಹೆಗಾರರೊಬ್ಬರು ಬೇಕಾಗಿದ್ದರು. ಫೋನಿಟ್ಟ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಹಾಕಿ, ಬೀರು ತೆಗೆದು, ಗಾಜಿನ ಕೊಳವೆಯನ್ನು ಎತ್ತಿಕೊಂಡು ಬಂದು ಪಂಚೆಯ ಅಂಚಿನಿಂದ ಒರೆಸಿದರು. ಐವತ್ತೆಂಟರ ಆ ಮುಖದಲ್ಲಿ ಅಂದು ಕಂಡ ಬೆಳಕನ್ನು ಈ ಲೇಖಕ ಮರೆಯಲಾರ.

ಅಲ್ಲಿಂದ ಮುಂದೆ ಮೇಷ್ಟ್ರದ್ದು ಪ್ರಶ್ನೆಗಳೋ ಪ್ರಶ್ನೆಗಳು. ಒಳಗೆ ಕುಳಿತವರಿಗೆ ಗುಡ್ಡ ಕಾಣುತ್ತದೆಯೇ? ಕಿಟಕಿಯೇ ಇರುವುದಿಲ್ಲವಂತೆ. ನಡುವೆ ಕರೆಂಟು ಹೋದರೆ? ಅದಕ್ಕೆ ಬೇರೆ ಏರ್ಪಾಡಿದೆಯಂತೆ. ಉಕ್ಕಿನ ಕೊಳವೆ ಬಿಸಿಲಿಗೆ ಹಿಗ್ಗುವುದಿಲ್ಲವೇ? ಹಿಗ್ಗುತ್ತದೆ, ಜೋಡಣೆಗಳಲ್ಲಿ ಜಾಗ ಬಿಟ್ಟಿದ್ದೇವೆ ಎಂದು ಸಂಸ್ಥೆಯವರು ಲೆಕ್ಕ ಕಳಿಸಿದರು. ಮೇಷ್ಟ್ರು ನೋಡುತ್ತಾರೆ, ಅವರು ಬೆಂಗಳೂರಿನ ಬಿಸಿಲು ಹಿಡಿದು ಲೆಕ್ಕ ಹಾಕಿದ್ದಾರೆ! ಪಾವಗಡದ ಬೇಸಿಗೆ ಹಿಡಿದರೆ ಮಧುಗಿರಿಯಿಂದ ಅಲ್ಲಿಯವರೆಗಿನ ಕೊಳವೆಯೊಂದೇ ಇಪ್ಪತ್ತು ಮೀಟರು ಉದ್ದವಾಗುತ್ತದೆಂದು ಇವರು ತೋರಿಸಿಕೊಟ್ಟ ಮೇಲೆ ಸಂಸ್ಥೆಯಲ್ಲಿ 'ಮಧುಗಿರಿ ಸರ್' ಎಂದರೆ ಎದ್ದು ನಿಂತು ಮಾತಾಡುವಂತಾಯಿತಂತೆ.

ಸುದ್ದಿ ಊರಿಗೆ ಹಬ್ಬಲು ಮೂರು ದಿನವೂ ಬೇಕಾಗಲಿಲ್ಲ. ಬಸ್ ಸ್ಟ್ಯಾಂಡ್ ಎದುರಿಗೆ ಹೋಟೆಲ್ ನಡೆಸುವ ಜಯಣ್ಣನವರು, ಇವರೇ ಈ ಅಭಿನಂದನ ಸಮಿತಿಯ ಅಧ್ಯಕ್ಷರು, ಕಾಫಿ ಲೋಟ ಮುಂದಿಟ್ಟು ಹೇಳಿದರು: "ಸಾರ್, ಸ್ಟಾಪು ಮಾತ್ರ ಬುಡಬ್ಯಾಡಿ. ಹತ್ತೇ ನಿಮಿಷಕ್ಕೆ ಬೆಂಗ್ಳೂರು ಅಂದ್ರೆ ನಮ್ಮ ಇಡ್ಲಿ ಹಬೆ ಆರೋದ್ರೊಳ್ಗೆ ಮೆಜೆಸ್ಟಿಕ್ನಾಗಿರ್ತದೆ." ಮೇಷ್ಟ್ರ ನಿವೃತ್ತಿಯ ದಿನವೇ ನಿಲುಗಡೆಯ ಸುದ್ದಿಯನ್ನೂ ಸಾರಬೇಕೆಂದು ಸಮಿತಿ ತೀರ್ಮಾನಿಸಿತು. ಬೇಡವೆಂದು ಮೇಷ್ಟ್ರು ಹೇಳಲಿಲ್ಲ. ಅವರಿಗೂ ಅದೇ ಬೇಕಿತ್ತು, ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು.

ನಿಲುಗಡೆ ಸಿಗಬೇಕಾದರೆ ಇಲ್ಲಿಂದ ಬೆಂಗಳೂರಿಗೆ ದಿನಕ್ಕೆ ನಾಲ್ಕು ಸಾವಿರ ಪ್ರಯಾಣಿಕರಾದರೂ ಇರಬೇಕೆಂದು ಸಂಸ್ಥೆಯ ನಿಯಮ. ಜನ ಎಲ್ಲಿಂದೆಲ್ಲಿಗೆ ಓಡಾಡುತ್ತಾರೆಂದು ತಿಳಿಯಲು ನಾಲ್ಕೂ ತಾಲ್ಲೂಕಿನ ಬಸ್ ಸ್ಟ್ಯಾಂಡುಗಳಲ್ಲಿ ಗಣತಿ ಶುರುವಾಯಿತು. ಗಣತಿಯ ಮೇಲ್ವಿಚಾರಕ ಸುನೀಲ್‌ಕುಮಾರ್ ಎಂಬ ಬೆಂಗಳೂರಿನ ತರುಣ ವಾರದ ನಂತರ ಬಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಸರ್, ನೂರಕ್ಕೆ ಎಪ್ಪತ್ತೆಂಟು ಜನ ಊರೊಳಗೇ ಓಡಾಡೋರು. ದೂರ ಹೋಗೋರೇ ಇಲ್ಲ ಇಲ್ಲಿ." ಮೇಷ್ಟ್ರು ಹಾಳೆಗಳನ್ನು ತರಿಸಿ ನೋಡಿದರು. ಎಲ್ಲಿಗೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆಯ ಮುಂದೆ ಮಧುಗಿರಿಯ ಹಾಳೆಯ ತುಂಬ 'ಇಲ್ಲೇ', ಕೊರಟಗೆರೆಯಲ್ಲೂ 'ಇಲ್ಲೇ', ಪಾವಗಡದಲ್ಲಿ ತೆಲುಗಿನ 'ಇಕ್ಕಡೇ', ಶಿರಾದಲ್ಲಿ ಉರ್ದುವಿನ 'ಯಹೀಂಚ್'. ಊರೊಳಗೇ ಹೋಗುವವರು ಬಸ್ ಸ್ಟ್ಯಾಂಡಿಗೆ ಯಾಕೆ ಬರುತ್ತಾರೆಂದು ಕೇಳಿದರೆ ಹುಡುಗ ಮತ್ತೆ ಅದೇ ಹಾಳೆಗಳನ್ನು ತಿರುವಿದ.

ಮಾರನೆಯ ಬೆಳಗ್ಗೆ ಮೇಷ್ಟ್ರು ಈ ಲೇಖಕನನ್ನೂ ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಬೆಂಗಳೂರಿನ ಬಸ್ಸು ನಿಂತಿತ್ತು. ದೊಡ್ಡೇರಿ ಕಡೆಯ ಚಿಕ್ಕಹನುಮಕ್ಕ ಎಂಬ ವಯಸ್ಸಾದ ಹೆಂಗಸು ಹೂವು, ಹಣ್ಣು, ಚಕ್ಕುಲಿ ಡಬ್ಬಿ ತುಂಬಿದ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಗಣತಿಯವನೊಬ್ಬ ಕಿಟಕಿಯಲ್ಲಿ ಇಣುಕಿ, "ಎಲ್ಲಿಗೆ ಹೋಗ್ತಿದೀರಜ್ಜಿ?" ಎಂದ. "ಇಲ್ಲೇ ಕಣಪ್ಪ" ಎಂದವರೇ ಅಜ್ಜಿ ಬ್ಯಾಗು ಎತ್ತಿಕೊಂಡು ಗೊಣಗುತ್ತ ಬಸ್ಸಿನಿಂದ ಇಳಿದೇಬಿಟ್ಟರು.

ಮೇಷ್ಟ್ರು ಹತ್ತಿರ ಹೋದರು. "ಯಾಕವ್ವ ಇಳಿದ್ಬುಟ್ರಿ?"

"ಇನ್ನೇನ್ ಮಾಡ್ಲಿ ಮೇಷ್ಟ್ರೇ. ಹೊಂಟೋರ್ನ ಎಲ್ಲಿಗೆ ಅಂತ ಕೇಳ್ಬುಟ್ರೆ ಆ ಕೆಲ್ಸ ಆಯ್ತದಾ? ಇಳ್ದು, ನೀರು ಕುಡ್ದು, ಒಂದ್ ಗಳಿಗೆ ಕುಂತು ಹತ್ತಬೇಕು. ಹಂಗೇ ಮಾಡಿ ಇನ್ನೊಂದು ಬಸ್ಸು ಹತ್ತಿದ್ರೆ ಅಲ್ಲಿಗೂ ಒಬ್ಬ ಬತ್ತಾನೆ, ಎಲ್ಲಿಗೆ ಅಂತಾನೆ. ಇದು ಮೂರ್ನೇ ಬಸ್ಸು. ಬೆಂಗ್ಳೂರ್ನಾಗೆ ನಮ್ಮಕ್ಕನ ಮಗಳ ಸೀಮಂತ. ನಾನು ಹೋಗಾದಾ ಬ್ಯಾಡ್ವಾ?"

ಮೇಷ್ಟ್ರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದೆಂಬುದು ಈ ಸೀಮೆಯ ಮಗುವಿಗೂ ಗೊತ್ತು. ಕೇಳಿದವರಿಗೆ ನಿಜ ಹೇಳಬಾರದೆಂಬುದೂ ಗೊತ್ತು. ಪ್ರಶ್ನೆಪತ್ರ ತಯಾರಿಸಿದವರು ಶಿರಾ ಸೀಮೆಯವರೇ ಆದ ನೂರೀನ್. ಒಪ್ಪಿಗೆಯ ಸಹಿ ಹಾಕಿದವರು ಮದಲೂರಿನ ಮೂಡಲಗಿರಿಯಪ್ಪ. ಕಾಗದದ ಮೇಲೆ ಬಂದ ಕೂಡಲೇ ಇಬ್ಬರಿಗೂ ಮನೆಯ ಪಾಠ ಮರೆತುಹೋಗಿತ್ತು. ಫೋನು ಮಾಡಿದಾಗ ನೂರೀನ್ ತಲೆ ಚಚ್ಚಿಕೊಂಡರಂತೆ: "ಸರ್, ಯಾರಾದ್ರೂ ಹಂಗೆ ಕೇಳಿದ್ರೆ ನಮ್ಮ ಅಮ್ಮಿ ವಾಪಸ್ ಬಂದು ಒಳಗೆ ಕೂತ್ಕೊಂಡುಬಿಡ್ತಿದ್ರು. ನನಗೆ ಯಾಕೆ ಹೊಳೀಲಿಲ್ಲ?"

"ನಂಗೂ ಹೊಳೀಲಿಲ್ಲ ಬುಡಮ್ಮ. ಹೊರಡೋರ್ನ ಕೇಳೋದು ಬ್ಯಾಡ. ಬಂದೋರ್ನ ಕೇಳಾನ. ಎಲ್ಲಿಂದ ಬಂದ್ರಿ ಅಂದ್ರೆ ಯಾವ ದೋಷಾನೂ ಇಲ್ಲ."

ಹೀಗೆ ಎರಡನೆಯ ಗಣತಿ ಬಸ್ಸಿನ ಇಳಿಯುವ ಬಾಗಿಲಿನಲ್ಲಿ ನಡೆಯಿತು. ಹನ್ನೆರಡು ದಿನ ರಜೆ ಹಾಕಿ ಮೇಷ್ಟ್ರು ತಾವೇ ನಿಂತರು. ಬಂದವರನ್ನು ಕೇಳಿದರೆ ಜನ ಉತ್ತರ ಕೊಡುವುದಷ್ಟೇ ಅಲ್ಲ, ನಿಲ್ಲಿಸುವುದೇ ಇಲ್ಲ. ಯಾವ ಊರಿಂದ ಬಂದೆವು, ಎಷ್ಟು ಹೊತ್ತು ಕಾದೆವು, ಯಾರ ಮನೆಯಲ್ಲಿ ಏನು ಉಂಡೆವು, ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂಬಲ್ಲಿಯವರೆಗೆ ಹೇಳುತ್ತಿದ್ದರು. ಎಲ್ಲವನ್ನೂ ಬರೆದುಕೊಳ್ಳಲು ಕೈ ಸಾಲದೆ ಮೇಷ್ಟ್ರು ಕಾದ ಹೊತ್ತು, ಪ್ರಯಾಣದ ಹೊತ್ತುಗಳನ್ನಷ್ಟೇ ಹಾಳೆಗೆ ಇಳಿಸಿ, ಊರಿನ ಲೆಕ್ಕಕ್ಕೆ ಜೇಬಿನಲ್ಲಿ ಬೀಜ ಇಟ್ಟುಕೊಂಡರು. ನಾಲ್ಕು ತಾಲ್ಲೂಕಿನ ಒಳಗಿನಿಂದ ಬಂದವರಿಗೆ ಒಂದು ಹುಣಸೆಬೀಜ, ತುಮಕೂರಿನಿಂದ ಬಂದವರಿಗೆ ಹೊಂಗೆಬೀಜ, ಬೆಂಗಳೂರಿನಿಂದ ಬಂದವರಿಗೆ ಕಡಲೆಕಾಯಿ. ಕೇಳಿದಂತೆಲ್ಲ ಚೀಲಕ್ಕೆ ಹಾಕುವುದು. ಸಂಜೆ ವರಲಕ್ಷ್ಮಿಯವರು ಮೊರದಲ್ಲಿ ಸುರಿದು ಎಣಿಸುತ್ತಿದ್ದರು. ಮೂರನೆಯ ದಿನ ಚೀಲ ಹಿಡಿದುಕೊಳ್ಳಲು ಜೊತೆಗೆ ಹೋಗಿದ್ದ ಈ ಲೇಖಕನು, ಹಸಿವಿನ ಭರದಲ್ಲಿ ಬೆಂಗಳೂರಿನ ಹದಿನಾಲ್ಕು ಜನ ಪ್ರಯಾಣಿಕರನ್ನು ತಿಂದುಬಿಟ್ಟನೆಂಬುದನ್ನು ನಾಚಿಕೆಯಿಂದ ದಾಖಲಿಸಬೇಕಾಗಿದೆ. ಸಿಪ್ಪೆ ಎಣಿಸಿ ಲೆಕ್ಕ ಸರಿಮಾಡಲಾಯಿತು.

ಹನ್ನೆರಡನೆಯ ದಿನ ಲೆಕ್ಕ ಬಂತು. ನೂರರಲ್ಲಿ ಎಪ್ಪತ್ತೊಂದು ಹುಣಸೆಬೀಜ, ಹದಿನೇಳು ಹೊಂಗೆ, ಒಂಬತ್ತೇ ಕಡಲೆಕಾಯಿ, ಮಿಕ್ಕ ಮೂರು ಬೇರೆ ಊರಿನವರು. ಪಾವಗಡದಿಂದ ಮಧುಗಿರಿಗೆ ಕೋರ್ಟಿಗೆ ಬಂದವರು, ಕೊಳಾಲದಿಂದ ಕಾಲೇಜಿಗೆ ಬಂದವರು, ಶಿರಾದಿಂದ ರಕ್ತಪರೀಕ್ಷೆಗೆ ಬಂದವರು. ಬೆಂಗಳೂರಿಗೆ ಓಡಾಡುವವರು ದಿನಕ್ಕೆ ಸಾವಿರದ ನೂರರ ಮೇಲೆ ಹೋಗುತ್ತಿರಲಿಲ್ಲ. ಬೇಕಾದದ್ದು ನಾಲ್ಕು ಸಾವಿರ. ಹತ್ತಿರದೂರಿನವರಿಗಂತೂ ಕೊಳವೆ ಬಂಡಿಯಿಂದ ಏನೂ ಪ್ರಯೋಜನವಿಲ್ಲ. ಕೂತವರಿಗೆ ಹೊಟ್ಟೆ ತೊಳಸದಂತೆ ಸಾವಿರದ ವೇಗ ಹಿಡಿಯಲು ಮೂವತ್ತೆಂಟು ಕಿಲೋಮೀಟರು ಬೇಕು, ಇಳಿಸಲು ಇನ್ನೊಂದು ಮೂವತ್ತೆಂಟು. ನಮ್ಮ ಊರುಗಳ ನಡುವೆ ಅಷ್ಟು ಜಾಗವೇ ಇಲ್ಲ.

ನೂರೀನ್ ಒಂದು ಭಾನುವಾರ ಮಧ್ಯಾಹ್ನ ವರದಿಯ ಕರಡು ಹಿಡಿದುಕೊಂಡು ಮೇಷ್ಟ್ರ ಮನೆಗೆ ಬಂದರು. ಈ ಲೇಖಕನೂ ಅಲ್ಲಿದ್ದ. ಮಧುಗಿರಿಯಲ್ಲಿ ನಿಲುಗಡೆ ಸಾಧ್ಯವೋ ಇಲ್ಲವೋ ಎಂಬ ಒಂದು ಜಾಗ ಖಾಲಿಯಿತ್ತು, ಅದರ ಕೆಳಗೆ ಮೇಷ್ಟ್ರ ಸಹಿ ಬೀಳಬೇಕಿತ್ತು.

"ಸರ್," ನೂರೀನ್ ಮೆಲ್ಲಗೆ ಹೇಳಿದರು, "ಇಪ್ಪತ್ತು ವರ್ಷಕ್ಕೆ ಜನ ಇಷ್ಟು ಹೆಚ್ಚಾಗ್ತಾರೆ ಅಂತ ಒಂದು ಅಂದಾಜು ಸೇರಿಸಿದ್ರೆ ನಾಲ್ಕು ಸಾವಿರ ಆಗಿಬಿಡುತ್ತೆ. ಎಲ್ಲ ಕಡೆ ಹಂಗೇ ಮಾಡ್ತಾರೆ. ಯಾರೂ ಕೇಳಲ್ಲ. ನಿಮ್ಮ ಆಸೆ ನಂಗೆ ಗೊತ್ತಿಲ್ವಾ?"

ಮೇಷ್ಟ್ರು ಎದ್ದು ಹೋಗಿ ಹಳೆಯ ಆ ನೋಟ್‌ಬುಕ್ಕು ತಂದರು. ಮೊದಲ ಹಾಳೆಯಲ್ಲಿ, ಮಧುಗಿರಿಯಿಂದ ಪಾವಗಡಕ್ಕೆ ಮೂರು ನಿಮಿಷ ಹದಿನೆಂಟು ಸೆಕೆಂಡು ಎಂದಿತ್ತು. ಅದನ್ನು ಹೊಡೆದುಹಾಕಿ ಕೆಳಗೆ ಬೇರೆ ಶಾಯಿಯಲ್ಲಿ ಏಳು ನಿಮಿಷ ನಲವತ್ತೊಂಬತ್ತು ಸೆಕೆಂಡು ಎಂದು ಬರೆದಿತ್ತು.

"ಆಗ ಹೆಂಡ್ತಿ ಹತ್ರ ಹೋಗೋ ಆತ್ರ ಕಣಮ್ಮ. ಹೊರಡಾಕೂ ನಿಲ್ಲಾಕೂ ಹೊತ್ತು ಬೇಕು ಅನ್ನೋದನ್ನೇ ಮರ್ತುಬುಟ್ಟಿದ್ದೆ. ಸುಳ್ಳು ಲೆಕ್ಕ ಅಂತ ಗೊತ್ತಾದ್ಮೇಲೆ ತಿದ್ದಿದೆ. ಇದನ್ನೂ ತಿದ್ದಲೇಬೇಕಲ್ವಾ?"

ಕಾಫಿ ತಂದ ವರಲಕ್ಷ್ಮಿಯವರು ನೋಟ್‌ಬುಕ್ಕನ್ನು ಇಣುಕಿ ನೋಡಿದರು. "ಮೂರು ನಿಮ್ಷವೋ ಎಂಟು ನಿಮ್ಷವೋ, ಅದ್ಯಾವನಿಗ್ ಬೇಕು. ಹನ್ನೊಂದು ವರ್ಷದಾಗೆ ಬಸ್ಸಿನಾಗೆ ಕುಂತಿದ್ದು ನಂಗೆ ನೆನಪೇ ಇಲ್ಲ ಕಣ್ರೀ. ಸ್ಟ್ಯಾಂಡಿನಾಗೆ ಕಾದಿದ್ದು ಮಾತ್ರ ಇವತ್ತಿಗೂ ಮರ್ತಿಲ್ಲ. ಒಂದು ಬಸ್ಸು ತಪ್ಪಿದ್ರೆ ಎರಡು ಗಂಟೆ ಇನ್ನೊಂದು ಇರ್ತಿರ್ಲಿಲ್ಲ."

ಮೇಷ್ಟ್ರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಗಣತಿಯಲ್ಲಿ ಜನ ಕಾದ ಹೊತ್ತನ್ನು ಹೇಳಿದ್ದರಲ್ಲ, ಆ ಹಾಳೆಗಳನ್ನು ಅಲ್ಲೇ ಹರಡಿಕೊಂಡು ಕೂಡಿಸತೊಡಗಿದರು. ಒಬ್ಬೊಬ್ಬರು ಸರಾಸರಿ ಒಂದು ಗಂಟೆ ಐದು ನಿಮಿಷ ಪ್ರಯಾಣ ಮಾಡಿದ್ದರು. ಅದಕ್ಕೆ ಮೊದಲು ಐವತ್ತೆರಡು ನಿಮಿಷ ಕಾದಿದ್ದರು. ಆಮೇಲೆ ಅವರು ಪೆನ್ನು ತೆಗೆದು ಖಾಲಿ ಜಾಗದಲ್ಲಿ 'ಸಾಧ್ಯವಿಲ್ಲ' ಎಂದು ಬರೆದರು. ಬರೆಯುವಾಗ ಕಣ್ಣಿನಿಂದ ನೀರು ಇಳಿಯಿತು, ಅದನ್ನು ಅವರು ಮುಚ್ಚಿಡಲಿಲ್ಲ. ಕೆಳಗೆ ಎರಡು ಸಾಲು ಸೇರಿಸಿದರು: ಕೊಳವೆ ಬಂಡಿ ವಿಜ್ಞಾನಕ್ಕೆ ಸಾಧ್ಯ, ಆದರೆ ಇಲ್ಲಿ ನಿಲ್ಲುವುದು ಅದಕ್ಕೆ ಸಾಧ್ಯವಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಮೊದಲು ಕಡಿಮೆಯಾಗಬೇಕಾದದ್ದು ಕಾಯುವ ಹೊತ್ತು, ಅದಕ್ಕೆ ಬೇಕಾದದ್ದು ಇನ್ನಷ್ಟು ಬಸ್ಸು. ಸಹಿ ಹಾಕಿದರು.

ಮುಂದಿನದನ್ನು ಚಿಕ್ಕದಾಗಿ ಹೇಳುವುದೇ ಲೇಸು. ಅಭಿನಂದನ ಸಮಿತಿಯ ಮೂವರು ಸದಸ್ಯರು ರಾಜೀನಾಮೆ ಕೊಟ್ಟರು, ಅವರು ಒಪ್ಪಿಕೊಂಡಿದ್ದ ಲೇಖನಗಳೂ ಬರಲಿಲ್ಲ. ಸಂಪುಟ ಸೊರಗಿದ್ದು ಹೀಗೆ. 'ಕೊಳವೆ ಬಂಡಿಯ ಹರಿಕಾರ' ಎಂದು ಮುಂಚಿತವಾಗಿಯೇ ಮಾಡಿಸಿದ್ದ ಬ್ಯಾನರು ಈಗ ಜಯಣ್ಣನವರ ಹೋಟೆಲಿನ ಸೌದೆಯ ಮೇಲೆ ಹೊದಿಕೆಯಾಗಿದೆ. ಜಯಣ್ಣನವರು ಹದಿನೈದು ದಿನ ಮಾತು ಬಿಟ್ಟರು. ಆಮೇಲೊಂದು ದಿನ ತಾವೇ ಕಾಫಿ ತಂದಿಟ್ಟು, "ಬೇಜಾರು ಆಗೈತೆ ಸಾರ್, ಇಲ್ಲ ಅನ್ನಲ್ಲ. ಅಂಗಂತ ನಿಮಗೆ ಹಾರ ಹಾಕ್ದೆ ಬುಡಾಕಾಯ್ತದಾ" ಎಂದರು. ಈ ಲೇಖಕನ ಕಡೆ ತಿರುಗಿ, "ಇವ್ರು ತಿಂದಿರೋ ಕಡ್ಲೆಕಾಯಿ ಸರ್ಯಾಗಿ ಸೇರ್ಸಿದ್ರೆ ಸ್ಟಾಪು ಬತ್ತಿತ್ತೇನೋ" ಎಂದೂ ಸೇರಿಸಿದರು. ಆ ಅನುಮಾನ ಅವರಿಗೆ ಇನ್ನೂ ಹೋಗಿಲ್ಲ.

ವರದಿಯ ಆ ಎರಡು ಸಾಲನ್ನು ನೂರೀನ್ ಬೇರೆಯಾಗಿ ಬರೆದು, ಕಾದವರ ಲೆಕ್ಕವನ್ನೂ ಲಗತ್ತಿಸಿ, ಬಸ್ಸು ಬಿಡುವ ಕಚೇರಿಗೆ ಕಳಿಸಿದರು. ಈ ಸಲವೂ ಉತ್ತರ ಬರಲಿಲ್ಲ. ಆದರೆ ಮೇ ತಿಂಗಳಿಂದ ಪಾವಗಡದ ದಾರಿಯಲ್ಲಿ ಬೆಳಗ್ಗೆ ಅರ್ಧ ಗಂಟೆಗೊಂದು ಬಸ್ಸು ಓಡುತ್ತಿದೆ, ಸದ್ಯಕ್ಕೆ ಆರು ತಿಂಗಳ ಪ್ರಯೋಗವಂತೆ.

ನಿವೃತ್ತಿಯಾದ ಮೇಲಿನ ಮೊದಲ ಸೋಮವಾರ ಬೆಳಗ್ಗೆ ಈ ಲೇಖಕ ಬಸ್ ಸ್ಟ್ಯಾಂಡಿಗೆ ಹೋಗಿದ್ದ. ಪಾವಗಡದ ಬಸ್ಸಿನ ಕಿಟಕಿಯಲ್ಲಿ ವರಲಕ್ಷ್ಮಿಯವರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೇಷ್ಟ್ರು. ನೋಡಿದ ಸಂತೋಷದಲ್ಲಿ ಬಾಯಿ ತಪ್ಪಿ ಮಾತು ಬಂದೇಬಿಟ್ಟಿತು: "ಎಲ್ಲಿಗೆ ಹೊರಟ್ರಿ ಮೇಷ್ಟ್ರೇ?"

ಇಷ್ಟೆಲ್ಲ ಗಣತಿ ಕಂಡವನು ಹಾಗೆ ಕೇಳಬಹುದೇ? ನಾಲಿಗೆ ಕಚ್ಚಿಕೊಂಡರೂ ಆಗಿಹೋಗಿತ್ತು. ಮೇಷ್ಟ್ರು ನಗುತ್ತ "ಇಲ್ಲೇ" ಎಂದರು. ವರಲಕ್ಷ್ಮಿಯವರು ಮಾತ್ರ ಬ್ಯಾಗು ಎತ್ತಿಕೊಂಡು ಎದ್ದೇಬಿಟ್ಟಿದ್ದರು. "ಇಳೀರಿ, ನೀರು ಕುಡ್ಕಂಡು ಹತ್ತಾನ. ಈಗೇನು ಮೊದಲ್ನಂಗಾ? ಅರ್ಧ ಗಂಟೆಗೆ ಇನ್ನೊಂದು ಐತೆ."

ಇಬ್ಬರೂ ಇಳಿದರು. ಬಸ್ಸು ಹೋಯಿತು. ಹನ್ನೊಂದು ವರ್ಷ ಒಂದು ಬಸ್ಸು ತಪ್ಪಿದರೆ ಒಂದು ವಾರವೇ ತಪ್ಪಿದಂತೆ ಕಂಗಾಲಾಗುತ್ತಿದ್ದ ಆ ಗಂಡಹೆಂಡತಿ, ಜಯಣ್ಣನವರ ಹೋಟೆಲಿನಲ್ಲಿ ಅಕ್ಕಪಕ್ಕ ಕುಳಿತು, ಅರ್ಧ ಗಂಟೆ ಯಾವ ಆತುರವೂ ಇಲ್ಲದೆ ಇಡ್ಲಿ ತಿಂದರು.

ಶ್ರೀ ಮೂಡಲಗಿರಿಯಪ್ಪನವರು ನೂರು ವರ್ಷ ಆರೋಗ್ಯದಿಂದ ಬಾಳಲಿ. ಶ್ರೀಮತಿ ವರಲಕ್ಷ್ಮಿಯವರು ಸದಾ ಅವರ ಪಕ್ಕದ ಸೀಟಿನಲ್ಲಿರಲಿ. ಕೊಳವೆ ಬಂಡಿ ಎಂದಾದರೂ ಓಡಿದರೆ, ಅದು ನಮ್ಮೂರಲ್ಲಿ ನಿಲ್ಲದಿದ್ದರೂ ಸರಿಯೇ, ಬೆಂಗಳೂರಿಗೆ ಹೋಗಿಯಾದರೂ ಅವರು ಅದನ್ನು ಹತ್ತಲಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಅದನ್ನು ಓಡಿಸುವವರು ಸುಸ್ತಾಗಲಿ. ಇನ್ನು ಮುಂದೆ ಅವರ ಬಿಡುವಿನ ದಿನಗಳಲ್ಲಿ ಎಲ್ಲಿಗೆ ಹೊರಟರೆಂದು ಅವರನ್ನು ನಾವು ಯಾರೂ ಕೇಳುವುದಿಲ್ಲ. ಅವರು ಹೋಗಿ ಬರಲಿ. ಬಂದ ದಿನ ಇಳಿಯುವ ಬಾಗಿಲಲ್ಲಿ ನಿಂತಿದ್ದು, ಎಲ್ಲಿಂದ ಬಂದಿರೆಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಕೇಳಿಸಿಕೊಳ್ಳುತ್ತೇವೆ.